ಕಾಣದ ತಿರುವಿನ ಆಚೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಸಹ್ಯಾದ್ರಿಯ ಮಡಿಲಲ್ಲಿ ಹರಡಿಕೊಂಡಿವೆ. ಶೃಂಗೇರಿ, ಹರಿಹರಪುರಗಳನ್ನು ತೊಳೆದುಕೊಂಡು ತುಂಗೆ ಹರಿಯುತ್ತಾಳೆ. ಬಾಳೆಹೊನ್ನೂರನ್ನು ಬಳಸಿಕೊಂಡು ಭದ್ರೆ ಸಾಗುತ್ತಾಳೆ. ಎತ್ತ ನೋಡಿದರೂ ಅಡಿಕೆಯ ತೋಟ, ಕಾಫಿಯ ಗಿಡ, ಗದ್ದೆ, ಗುಡ್ಡ, ಕಾಡು. ಇಂತಹ ನಾಡಿನಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ನೇರವಾದ ದಾರಿ ಎಂಬುದಿಲ್ಲ. ಗುಡ್ಡವು ಎಡಕ್ಕೆ ಬಾಗಿದರೆ ರಸ್ತೆಯೂ ಎಡಕ್ಕೆ ಬಾಗುತ್ತದೆ. ಹಳ್ಳವು ಅಡ್ಡ ಬಂದರೆ ರಸ್ತೆಯು ಇಳಿದು, ಮೋರಿಯನ್ನು ದಾಟಿ, ಮತ್ತೆ ಏರುತ್ತದೆ. ಒಂದು ಮಗ್ಗುಲಲ್ಲಿ ಕಡಿದ ದರೆ, ಮತ್ತೊಂದು ಮಗ್ಗುಲಲ್ಲಿ ಆಳವಾದ ಕಣಿವೆ ಅಥವಾ ಹೊಳೆ. ನಡುವೆ ಒಂದೂವರೆ ವಾಹನಕ್ಕೆ ಸಾಲುವಷ್ಟು ಡಾಂಬರು. ಇದು ಮಲೆನಾಡಿನ ಹಳ್ಳಿಯ ದಾರಿ.

ಬೇಸಗೆಯಲ್ಲಿ ಈ ದಾರಿಗಳಲ್ಲಿ ಸಂಚರಿಸುವುದು ಒಂದು ಸಂತೋಷ. ಆದರೆ ಜೂನ್ ತಿಂಗಳಲ್ಲಿ ಮುಂಗಾರು ಕಾಲಿಟ್ಟೊಡನೆ ಇವುಗಳ ಸ್ವಭಾವವೇ ಬದಲಾಗುತ್ತದೆ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುವುದು ಸಾಮಾನ್ಯ. ಅಲ್ಲಿಂದ ಕರಾವಳಿಗೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಆ ಮಳೆಯ ಪಾಲು ಶೃಂಗೇರಿ, ಕೊಪ್ಪಗಳಿಗೂ ಧಾರಾಳವಾಗಿ ದೊರೆಯುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ತುಂಗೆ ತುಂಬಿ ಬಂದ ವರ್ಷಗಳಲ್ಲಿ ಶೃಂಗೇರಿಯ ಗಾಂಧಿ ಮೈದಾನವೇ ನೀರಿನಲ್ಲಿ ಮುಳುಗುವುದುಂಟು. ಮಳೆಗಾಲ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಚಳಿಗಾಲದ ಮಂಜು ಕಣಿವೆಗಳಲ್ಲಿ ತುಂಬಿಕೊಂಡು, ಮುಂಜಾನೆಯ ಹೊತ್ತು ಹತ್ತು ಮಾರು ದೂರದ ಮರವನ್ನೂ ಮರೆಮಾಡುತ್ತದೆ.

ಹಿಮ ಬೀಳುವ ನಾಡುಗಳಲ್ಲಿ ಚಾಲಕರು ಟೈರುಗಳಿಗೆ ಕಬ್ಬಿಣದ ಸರಪಳಿಯನ್ನು ಬಿಗಿದು ವಾಹನ ನಡೆಸುತ್ತಾರೆ. ಕಾಶ್ಮೀರ, ಹಿಮಾಚಲ, ಲಡಾಖ್‌ಗಳ ಎತ್ತರದ ದಾರಿಗಳಲ್ಲಿ ಚಳಿಗಾಲದ ಸಂಚಾರವೆಂದರೆ ಅಂತಹದೇ ಸಾಹಸ. ಮಲೆನಾಡಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಹಿಮದ ದಾರಿ ಒಡ್ಡುವ ಎರಡು ಅಪಾಯಗಳನ್ನು ಮಲೆನಾಡಿನ ದಾರಿಯೂ ಒಡ್ಡುತ್ತದೆ. ಚಕ್ರಕ್ಕೆ ಹಿಡಿತ ದೊರೆಯದಿರುವುದು ಒಂದು. ಕಣ್ಣಿಗೆ ದಾರಿ ಕಾಣದಿರುವುದು ಇನ್ನೊಂದು. ಸುರಕ್ಷಿತ ಚಾಲನೆಯ ವಿವೇಕವೆಲ್ಲ ಈ ಎರಡನ್ನು ಅರಿತುಕೊಳ್ಳುವುದರಲ್ಲಿದೆ.

ಮೊದಲನೆಯದಾಗಿ ಹಿಡಿತದ ಮಾತು. ನಡೆಯುವ ಕಾಲಾಗಲಿ ಉರುಳುವ ಚಕ್ರವಾಗಲಿ ನೆಲದ ಮೇಲೆ ನಿಲ್ಲುವುದು ಘರ್ಷಣೆಯ ಬಲದಿಂದ. ಬೇಸಗೆಯಲ್ಲೆಲ್ಲ ರಸ್ತೆಯ ಮೇಲೆ ಕುಳಿತ ಧೂಳು ಮತ್ತು ಎಣ್ಣೆಯ ಜಿಡ್ಡು ಮೊದಲ ಮಳೆಗೆ ನೆನೆದು ಲೋಳೆಯಂತಾಗುತ್ತದೆ. ಆದುದರಿಂದಲೇ ಮೊದಲ ಮಳೆಯ ದಿನ ಅನುಭವಿಗಳು ಹೆಚ್ಚು ಎಚ್ಚರವಾಗಿರುತ್ತಾರೆ. ಅನಂತರ ದರೆಯಿಂದ ಕೆಂಪು ಮಣ್ಣು ಇಳಿದು ಬರುತ್ತದೆ. ಬಿದ್ದ ಎಲೆಗಳು ಕೊಳೆಯುತ್ತವೆ. ಬಿಸಿಲು ಕಾಣದ ಮರಗಳ ನೆರಳಿನಲ್ಲಿ ರಸ್ತೆಯ ಅಂಚಿಗೆ ಪಾಚಿ ಕಟ್ಟುತ್ತದೆ. ನೀರು ನಿಂತ ಕಡೆ ವೇಗವಾಗಿ ಸಾಗಿದರೆ ಟೈರು ನೀರನ್ನು ಬದಿಗೆ ತಳ್ಳಲಾರದೆ ನೀರಿನ ಪದರದ ಮೇಲೆಯೇ ತೇಲಿದಂತಾಗುತ್ತದೆ. ಆಗ ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ವಾಹನವು ಮಾತು ಕೇಳುವುದಿಲ್ಲ. ಟೈರಿನ ಮೇಲಿರುವ ಗೀರುಗಳು ನೀರಿಗೆ ಹೊರಹೋಗುವ ಕಾಲುವೆಗಳು. ಕಾರಿನ ಟೈರಿನಲ್ಲಿ ಅವುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ನಿಯಮವಿದೆ. ಸವೆದು ನುಣುಪಾದ ಟೈರಿನೊಡನೆ ಮಳೆಗಾಲದಲ್ಲಿ ಘಾಟಿಯನ್ನು ಇಳಿಯುವುದು ಚಪ್ಪಲಿಗೆ ಎಣ್ಣೆ ಹಚ್ಚಿಕೊಂಡು ಕಾಲುಸಂಕವನ್ನು ದಾಟಿದಂತೆ.

ವೇಗದ ಲೆಕ್ಕವನ್ನೂ ಇಲ್ಲಿ ನೋಡಬೇಕು. ಚಾಲಕನು ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿಯುತ್ತದೆಂದು ಭಾವಿಸಿದರೆ, ಒದ್ದೆಯಾದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 10 ಮೀಟರ್ ಬೇಕು. ವೇಗವು 40 ಆದರೆ ಸುಮಾರು 27 ಮೀಟರ್. 60 ಆದರೆ 50 ಮೀಟರಿಗೂ ಹೆಚ್ಚು. ವೇಗವು ಎರಡು ಪಟ್ಟಾದರೆ ಬ್ರೇಕು ಒತ್ತಿದ ಮೇಲೆ ಸಾಗುವ ದೂರವು ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಇಳಿಜಾರಿನಲ್ಲಿ ಈ ದೂರ ಇನ್ನೂ ಬೆಳೆಯುತ್ತದೆ. ಮಲೆನಾಡಿನ ತಿರುವಿನಲ್ಲಿ ಮುಂದೆ ಕಾಣುವುದು ಎಷ್ಟೋ ಸಲ ಹದಿನೈದು, ಇಪ್ಪತ್ತು ಮೀಟರ್ ಮಾತ್ರ. ಅಲ್ಲಿ 40ರ ವೇಗದಲ್ಲಿ ನುಗ್ಗುವವನು ತಾನು ನೋಡದ ದಾರಿಯ ಮೇಲೆ, ಅಲ್ಲಿ ಯಾರೂ ಇರಲಾರರೆಂಬ ನಂಬಿಕೆಯಿಂದ, ವಾಹನವನ್ನು ಓಡಿಸುತ್ತಿರುತ್ತಾನೆ. ಕಾಣುವಷ್ಟು ದಾರಿಯೊಳಗೆ ನಿಲ್ಲಿಸಬಲ್ಲ ವೇಗವೇ ತಕ್ಕ ವೇಗ. ರಸ್ತೆಯ ಬದಿಯ ಫಲಕದಲ್ಲಿ ಎಷ್ಟೇ ಬರೆದಿರಲಿ, ಈ ಅಳತೆಯನ್ನು ಮೀರಬಾರದು.

ಎರಡನೆಯದು ಕಾಣ್ಕೆಯ ಮಾತು. ಮಂಜು ಕವಿದಾಗ ಹೊಸಬರು ದೀಪವನ್ನು ಹೆಚ್ಚು ಪ್ರಖರಗೊಳಿಸಿಕೊಳ್ಳುತ್ತಾರೆ. ಆದರೆ ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಸೂಕ್ಷ್ಮ ಹನಿಗಳು. ದೂರಕ್ಕೆ ಹಾಯುವ ಪ್ರಖರವಾದ ಬೆಳಕು ಆ ಹನಿಗಳಿಗೆ ತಾಗಿ ಚದುರಿ ಚಾಲಕನ ಕಣ್ಣಿಗೇ ಮರಳುತ್ತದೆ. ಮುಂದೆ ಬಿಳಿಯ ಗೋಡೆಯೊಂದು ಎದ್ದು ನಿಂತಂತೆ ತೋರುತ್ತದೆ. ತಗ್ಗಿಸಿದ ದೀಪವು ನೆಲದ ಮೇಲೆ ಬಿದ್ದು ಸ್ವಲ್ಪವಾದರೂ ದಾರಿಯನ್ನು ಕಾಣಿಸುತ್ತದೆ. ಹಗಲಿನ ಮಳೆಯಲ್ಲಿ ದೀಪ ಹಚ್ಚುವುದು ಕೇವಲ ತಾನು ನೋಡುವುದಕ್ಕಲ್ಲ, ಎದುರಿನವರಿಗೆ ತಾನು ಕಾಣುವುದಕ್ಕಾಗಿ ಕೂಡ. ಅದೇ ಕಾರಣದಿಂದ ತಿರುವಿನಲ್ಲಿ ಹಾರ್ನ್ ಮಾಡುವುದೂ ಮರೆಯಲ್ಲಿರುವ ಒಬ್ಬರನ್ನು ಕರೆದು ಎಚ್ಚರಿಸಿದಂತೆ.

ಆ ಮರೆಯಲ್ಲಿ ಯಾರಿರಬಹುದು? ಛತ್ರಿ ಹಿಡಿದು ಶಾಲೆಗೆ ಹೊರಟ ಮಕ್ಕಳಿರಬಹುದು. ತೋಟದ ಕೆಲಸದಿಂದ ಮರಳುತ್ತಿರುವ ಹೆಂಗಸರಿರಬಹುದು. ಗದ್ದೆಯ ಕೆಸರಿಗಿಂತ ಡಾಂಬರೇ ವಾಸಿಯೆಂದು ರಸ್ತೆಯ ನಡುವೆ ಮಲಗಿ ಮೆಲುಕು ಹಾಕುತ್ತಿರುವ ದನಗಳಿರಬಹುದು. ಶೃಂಗೇರಿಯಿಂದ ನೆಮ್ಮಾರು, ಕೆರೆಕಟ್ಟೆಗಳ ಮೂಲಕ ಕಾರ್ಕಳದ ಕಡೆಗೆ ಹೋಗುವ ಕಾಡಿನ ದಾರಿಯಲ್ಲಾದರೆ ಕಾಟಿಯೋ ಕಡವೆಯೋ ಅಡ್ಡ ನಿಂತಿರಬಹುದು. ಮಳೆಗೆ ಸಡಿಲಗೊಂಡ ದರೆ ಕುಸಿದಿರಬಹುದು. ಮರ ಉರುಳಿ, ಅದರೊಡನೆ ವಿದ್ಯುತ್ತಿನ ತಂತಿಯೂ ಹರಿದು ಬಿದ್ದಿರಬಹುದು. ಅಂತಹ ಮರವನ್ನು ಮುಟ್ಟದೆ, ದೂರದಲ್ಲಿಯೇ ನಿಂತು, ಹಿಂದೆ ಬರುವವರನ್ನು ತಡೆದು, ವಿದ್ಯುತ್ ಇಲಾಖೆಯವರಿಗೆ ಸುದ್ದಿ ಮುಟ್ಟಿಸಬೇಕು.

ಹಳ್ಳದ ನೀರು ರಸ್ತೆಯ ಮೇಲೆ ಹರಿಯುವಾಗ ಚಾಲಕನ ವಿವೇಕಕ್ಕೆ ಕಠಿಣವಾದ ಪರೀಕ್ಷೆ ಒದಗುತ್ತದೆ. ಒಂದಡಿ ಆಳದ ಹರಿಯುವ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು. ಎರಡಡಿಯ ಪ್ರವಾಹವು ದೊಡ್ಡ ವಾಹನಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಇಂತಹ ಹಳ್ಳದ ದಂಡೆಯಲ್ಲಿ ಬಸ್ಸು ನಿಂತಾಗ ನಡೆಯುವ ಮಾತುಕತೆ ಪ್ರತಿ ಮಳೆಗಾಲದಲ್ಲೂ ಹೆಚ್ಚುಕಡಿಮೆ ಒಂದೇ.

“ಮೊಣಕಾಲುದ್ದವೂ ನೀರಿಲ್ಲವಲ್ಲ ಅಣ್ಣಾ, ದಾಟಿಸಿಬಿಡಿ” ಎಂದು ಪೇಟೆಗೆ ಹೊರಟ ತರುಣನೊಬ್ಬ ಅವಸರಿಸುತ್ತಾನೆ.

“ನೀರೆಷ್ಟಿದೆ ಎಂಬುದು ಕಾಣುತ್ತದೆ ತಮ್ಮಾ. ಅದರ ಕೆಳಗೆ ರಸ್ತೆ ಉಳಿದಿದೆಯೇ ಎಂಬುದು ಕಾಣುವುದಿಲ್ಲವಲ್ಲ!” ಎಂದು ಚಾಲಕ ಇಂಜಿನ್ನನ್ನು ಆರಿಸುತ್ತಾನೆ.

ಹಿಂದಿನ ಆಸನದಿಂದ ಅಜ್ಜಿಯೊಬ್ಬರು, “ತಡವಾದರೆ ಗಂಜಿ ಆರೀತು, ಅಷ್ಟೇ ತಾನೇ? ನೀರು ಇಳಿಯಲಿ ಮಗಾ” ಎನ್ನುತ್ತಾರೆ.

ಆ ಅಜ್ಜಿಯ ಮಾತಿನಲ್ಲಿ ಲಾಭನಷ್ಟಗಳ ಸರಿಯಾದ ತೂಕವಿದೆ. ಕಾಯುವುದರಿಂದ ಕಳೆಯುವುದು ಒಂದೆರಡು ಗಂಟೆ. ನುಗ್ಗುವುದರಿಂದ ಕಳೆದುಹೋಗಬಹುದಾದುದಕ್ಕೆ ಲೆಕ್ಕವೇ ಇಲ್ಲ. ನೀರು ಇಳಿದ ಮೇಲೆ ಮೋರಿಯ ಅಂಚನ್ನು ಇಳಿದು ಪರೀಕ್ಷಿಸಿ, ಅನಂತರ ಮೆಲ್ಲನೆ ದಾಟಬೇಕು. ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಬಾರಿ ಹಗುರವಾಗಿ ಒತ್ತಿ, ಅದು ಒಣಗಿ ಹಿಡಿಯುತ್ತಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಇಂತಹ ದಾರಿಗಳಲ್ಲಿ ದಶಕಗಳ ಕಾಲ ಬಸ್ಸು ನಡೆಸಿದವರ ಅನುಭವವೇ ಒಂದು ಶಾಸ್ತ್ರ. ಖಾಸಗಿ ಸಾರಿಗೆ ಸಂಸ್ಥೆಯೊಂದು ಮುಚ್ಚಿಹೋದಾಗ ಅದರ ಕಾರ್ಮಿಕರೇ ಒಂದುಗೂಡಿ 1991ರಲ್ಲಿ ಕೊಪ್ಪದಲ್ಲಿ ‘ಸಹಕಾರ ಸಾರಿಗೆ’ಯನ್ನು ಕಟ್ಟಿದರು. ದೂರದ ಹಳ್ಳಿಗಳಿಗೂ ಅದರ ಬಸ್ಸುಗಳು ಹೋಗುತ್ತಿದ್ದವು. ಎಷ್ಟೋ ವಿದ್ಯಾರ್ಥಿಗಳು ಆ ಬಸ್ಸುಗಳನ್ನೇ ನೆಚ್ಚಿಕೊಂಡು ಓದಿದರು. 2020ರಲ್ಲಿ ಆ ಸಂಸ್ಥೆ ಸಂಚಾರವನ್ನು ನಿಲ್ಲಿಸಿತು. ಆದರೆ ಮಲೆನಾಡಿನ ಹಳೆಯ ಚಾಲಕರು ಪಾಲಿಸಿಕೊಂಡು ಬಂದ ಪದ್ಧತಿಗಳು ಹಳತಾಗುವಂಥವಲ್ಲ. ಏರನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಇಂಜಿನ್ನೇ ವಾಹನವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ರೇಕು ಕಾದು ಸೋಲುವುದಿಲ್ಲ. ಎಣ್ಣೆ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಗೇರನ್ನು ಬಿಡಿಸಿ ಉರುಳಬಾರದು. ಇಕ್ಕಟ್ಟಾದ ದಾರಿಯಲ್ಲಿ ಎರಡು ವಾಹನಗಳು ಎದುರಾದರೆ, ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕು. ಏರಿನ ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ; ಆದುದರಿಂದ ಸುಲಭದಲ್ಲಿರುವವನು ಕಷ್ಟದಲ್ಲಿರುವವನಿಗೆ ಎಡೆಗೊಡಬೇಕು. ಇದು ಕಾನೂನು, ಅದಕ್ಕಿಂತ ಮೊದಲು ಸೌಜನ್ಯ. ದಾರಿ ಬಿಟ್ಟವನಿಗೆ ಎದುರಿನವನು ಕೈಯೆತ್ತಿ ವಂದಿಸಿ ಸಾಗುವ ದೃಶ್ಯವನ್ನು ಈ ಭಾಗದಲ್ಲಿ ಇಂದಿಗೂ ಕಾಣಬಹುದು.

ರಸ್ತೆಯ ಧರ್ಮವು ಚಾಲಕರಿಗೆ ಮಾತ್ರ ಮೀಸಲಾದುದಲ್ಲ. ನಡೆಯುವ ವಿದ್ಯಾರ್ಥಿಗಳಿಗೂ ಅದರಲ್ಲಿ ಪಾಲಿದೆ. ಕಾಲುದಾರಿಯಿಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆದರೆ ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುತ್ತದೆ. ಗಾಳಿಮಳೆಗೆ ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದರೆ ದಾರಿಯೂ ಕಾಣದು, ವಾಹನವೂ ಕಾಣದು. ಕಪ್ಪು ಛತ್ರಿ, ಕಪ್ಪು ಅಂಗಿಗಳು ಮಂಜಿನಲ್ಲಿ ಕರಗಿಹೋಗುತ್ತವೆ. ತಿಳಿಬಣ್ಣದವು ಬೇಗ ಗೋಚರಿಸುತ್ತವೆ. ಗೆಳೆಯರ ಸಾಲು ರಸ್ತೆಯ ಅಗಲಕ್ಕೆ ಹರಡದೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಬಸ್ಸಿನ ಮೆಟ್ಟಿಲ ಮೇಲೆ ನೇತಾಡುವ ಧೈರ್ಯವು ಒದ್ದೆಯಾದ ಕಂಬಿಯಿಂದ ಕೈ ಜಾರುವವರೆಗೆ ಮಾತ್ರ.

ಇನ್ನೊಂದು ಮಾತನ್ನು ಹೇಳಲೇಬೇಕು. ಬಸ್ಸು ತಪ್ಪಿದ ದಿನ ಮನೆಯ ಅಂಗಳದಲ್ಲಿ ನಿಂತ ಬೈಕು ಹುಡುಗನನ್ನು ಕೈಬೀಸಿ ಕರೆಯುತ್ತದೆ. ಊರಿನ ದಾರಿಯಲ್ಲವೇ, ಪೊಲೀಸರಾದರೂ ಎಲ್ಲಿದ್ದಾರೆ ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ. ಹದಿನೆಂಟು ವರ್ಷ ತುಂಬದವರು ಇಂತಹ ವಾಹನವನ್ನು ನಡೆಸುವುದನ್ನು ಕಾನೂನು ನಿಷೇಧಿಸಿದೆ. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕರು ವಾಹನ ನಡೆಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಇಪ್ಪತ್ತೈದು ಸಾವಿರ ರೂಪಾಯಿ ದಂಡವನ್ನೂ ವಿಧಿಸಬಹುದು. ಆದರೆ ದಂಡದ ಭಯಕ್ಕಿಂತ ದೊಡ್ಡದಾದ ಕಾರಣವೊಂದಿದೆ. ಆ ಹುಡುಗನು ಪ್ರತಿದಿನ ನಡೆದು ಬಂದ ದಾರಿಯ ತಿರುವಿನಾಚೆ ಅವನ ತಂಗಿಯೋ, ತರಗತಿಯ ಗೆಳೆಯನೋ ನಡೆದು ಬರುತ್ತಿರಬಹುದು. ಹಳ್ಳಿಯ ದಾರಿಯಲ್ಲಿ ಅಪರಿಚಿತರೆಂಬವರು ಕಡಿಮೆ. ಅಲ್ಲಿ ಆಗುವ ಪ್ರತಿ ಅಪಘಾತವೂ ಗುರುತಿನ ಮನೆಯ ಬಾಗಿಲಿಗೇ ದುಃಖವನ್ನು ತರುತ್ತದೆ.

ಒಂದು ವೇಳೆ ಅಪಘಾತ ನಡೆದೇಹೋದರೆ ಗಾಯಗೊಂಡವರಿಗೆ ನೆರವಾಗಲು ಹಿಂಜರಿಯಬೇಕಾಗಿಲ್ಲ. ಸದುದ್ದೇಶದಿಂದ ಸಹಾಯ ಮಾಡಿದವರಿಗೆ ಕಾನೂನು ರಕ್ಷಣೆ ನೀಡಿದೆ. 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸಬೇಕು. ಆಸ್ಪತ್ರೆ ದೂರವಿರುವ ಊರುಗಳಲ್ಲಿ ಆ ಮೊದಲ ಕೆಲವು ನಿಮಿಷಗಳೇ ಜೀವವನ್ನು ಉಳಿಸಬಲ್ಲವು.

ಮಲೆನಾಡಿನ ಮಳೆಯನ್ನು ತಡೆಯುವುದು ಯಾರಿಂದಲೂ ಆಗದು, ತಡೆಯಬೇಕಾಗಿಯೂ ಇಲ್ಲ. ತುಂಗೆ ಭದ್ರೆಯರು ಬಯಲುಸೀಮೆಗೆ ಅನ್ನ ನೀಡುವುದು ಆ ಮಳೆಯಿಂದಲೇ. ದಾರಿಗಳ ತಿರುವುಗಳೆಲ್ಲವನ್ನೂ ನೇರಗೊಳಿಸುವುದೂ ಸಾಧ್ಯವಿಲ್ಲ. ಮನುಷ್ಯನ ಕೈಯಲ್ಲಿರುವುದು ತನ್ನ ವೇಗ ಮತ್ತು ತನ್ನ ಎಚ್ಚರ. ನಿಧಾನವೇ ಪ್ರಧಾನವೆಂದು ಹಿರಿಯರು ಹೇಳಿದುದು ಸೋಮಾರಿತನದ ಮಾತಲ್ಲ. ತನ್ನ ಕಣ್ಣಿಗೆ ಕಾಣದವರೂ ಅದೇ ದಾರಿಯಲ್ಲಿದ್ದಾರೆ, ಅವರನ್ನೂ ಮನೆಯವರು ಕಾಯುತ್ತಿದ್ದಾರೆ ಎಂದು ನೆನೆಯುವವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬರುತ್ತದೆ. ಅಂತಹವರು ನಡೆಸುವ ವಾಹನಗಳು ಸ್ವಲ್ಪ ತಡವಾಗಿ ಊರು ಸೇರಬಹುದು; ಆದರೆ ಎಲ್ಲರನ್ನೂ ಕರೆದುಕೊಂಡು ಸೇರುತ್ತವೆ.