ಬರಗಣಿವೆಯಲ್ಲಿ ನೀರಿನ ಕೈವಾಡ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೂರ್ವದಂಚಿನಲ್ಲಿರುವ ಡೆತ್ ವ್ಯಾಲಿಗೆ, ಅಂದರೆ ಸಾವಿನ ಕಣಿವೆಗೆ, ವರ್ಷವಿಡೀ ಬೀಳುವ ಮಳೆ ಆರು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕೆಲವು ವಿದ್ವಾಂಸರು ಸಂದೇಹಿಸಿದ್ದರೂ, ಜಗತ್ತಿನ ಅಧಿಕೃತ ದಾಖಲೆ ಇಂದಿಗೂ ಅದೇ. ಆದರೂ ಈ ನೆಲದ ರೂಪವನ್ನು ಕಡೆದ ಶಿಲ್ಪಿ ಬಿಸಿಲಲ್ಲ, ನೀರು.

ಭೂಮಿಯ ಹೊರಪದರವು ಹಿಗ್ಗಿ ಸೀಳಿದಾಗ ನಡುವಿನ ನೆಲ ಕುಸಿದು, ಇಕ್ಕೆಲಗಳಲ್ಲಿ ಪರ್ವತಗಳೆದ್ದವು. ಬ್ಯಾಡ್‌ವಾಟರ್ ಎಂಬ ತಗ್ಗು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅದರೆದುರಿಗೇ ಟೆಲಿಸ್ಕೋಪ್ ಶಿಖರವು 3,366 ಮೀಟರ್ ಎತ್ತರಕ್ಕೆ ನಿಂತಿದೆ. ಬೆಟ್ಟಗಳಿಂದ ಇಳಿದ ನೀರಿಗೆ ಸಮುದ್ರ ಸೇರುವ ದಾರಿಯಿಲ್ಲ. ಅದು ಕಣಿವೆಯ ತಳದಲ್ಲಿಯೇ ಇಂಗಿ, ಆರಿ, ಉಪ್ಪನ್ನು ಮಾತ್ರ ಉಳಿಸುತ್ತದೆ. ಕಮರಿಗಳ ಬಾಯಲ್ಲಿ ಮೊರದಂತೆ ಹರಡಿದ ಜಲ್ಲಿಯ ಇಳಿಜಾರುಗಳೂ ಪ್ರವಾಹಗಳು ಹೊತ್ತು ತಂದು ಸುರಿದವುಗಳೇ.

ಈ ಪ್ರದೇಶದ ಒಳದಾರಿಗಳಲ್ಲಿ ರೇಸ್‌ಟ್ರ್ಯಾಕ್ ಎಂಬ ಒಣಕೆರೆಗೆ ಹೋಗುವ ದಾರಿ ಹೆಸರಾದುದು. ಯುಬೆಹೀಬಿ ಎಂಬ ಅಗ್ನಿಪರ್ವತದ ಕುಳಿಯ ಬಳಿ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ 43 ಕಿಲೋಮೀಟರ್ ಅಲೆಅಲೆಯಾಗಿ ಏಣುಗಟ್ಟಿದ ಜಲ್ಲಿಯ ಹಾದಿ. ಟೈರು ಸೀಳುವ ಚೂಪುಗಲ್ಲುಗಳು, ಫೋನಿಗೆ ಸಿಗದ ಸಂಪರ್ಕ. ಎರಡು ತಾಸಾದರೂ ಬೇಕು. ಕೆರೆಯಂಗಳದಲ್ಲಿ ಕಾಣುವುದು, ತಮ್ಮ ಹಿಂದೆ ಉದ್ದನೆಯ ಗೆರೆ ಎಳೆದುಕೊಂಡು ಬಂದು ನಿಂತ ಕಲ್ಲುಗಳು! ಇವುಗಳನ್ನು ಯಾರು ನಡೆಸಿದರೆಂಬುದು ಬಹುಕಾಲ ಒಗಟಾಗಿತ್ತು. 2013ರ ಡಿಸೆಂಬರಿನಲ್ಲಿ ಸಂಶೋಧಕರು ಅವುಗಳ ಚಲನೆಯನ್ನು ಕಣ್ಣಾರೆ ಕಂಡರು. ಚಳಿಗಾಲದ ಮಳೆನೀರು ಅಲ್ಲಿ ತೆಳುವಾಗಿ ನಿಂತು ಇರುಳಿನಲ್ಲಿ ಹೆಪ್ಪುಗಟ್ಟುತ್ತದೆ. ಹಗಲಿನ ಬಿಸಿಲಿಗೆ ಬಿರಿದ ಮಂಜುಗಡ್ಡೆಯ ಹಾಳೆಗಳನ್ನು ಮೆಲುಗಾಳಿ ದೂಡಿದಾಗ, ಅವು ಜಾರುವ ಕೆಸರಿನ ಮೇಲೆ ಕಲ್ಲುಗಳನ್ನು ನೂಕುತ್ತವೆ. ಒಗಟು ಬಿಡಿಸಿದರೂ ವಿಸ್ಮಯ ಕುಂದಿಲ್ಲವೆಂದೇ ನನ್ನ ಎಣಿಕೆ.

ಇದೇ ನೀರು ಮುನಿದರೆ ರಸ್ತೆಗಳು ಉಳಿಯವು. 2023ರ ಆಗಸ್ಟ್ 20ರಂದು ಚಂಡಮಾರುತದ ಶೇಷವೊಂದು ಒಂದೇ ದಿನದಲ್ಲಿ ವರ್ಷದ ಮಳೆಯನ್ನು ಸುರಿಸಿ, ಇಡೀ ರಾಷ್ಟ್ರೀಯ ಉದ್ಯಾನವನ್ನು ಸುಮಾರು ಎರಡು ತಿಂಗಳು ಮುಚ್ಚಿಸಿತು. ಆ ನಾಡಿನಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರು ಈ ಕಣಿವೆಯನ್ನು ನೋಡಬಯಸಿದರೆ ಚಳಿಗಾಲವನ್ನು ಆರಿಸಿಕೊಳ್ಳಲಿ. ಹೇರಳವಾಗಿ ನೀರನ್ನು ಒಯ್ಯಲಿ. ವಾಹನ ಕೆಟ್ಟರೆ ಅದನ್ನು ಬಿಟ್ಟು ನಡೆಯದಿರಲಿ.

ಸಾವಿನ ಕಣಿವೆಯೆಂಬುದು 1849ರಲ್ಲಿ ಚಿನ್ನವನ್ನರಸಿ ಹೊರಟು ಇಲ್ಲಿ ಸಿಲುಕಿದ ವಲಸಿಗರಿಂದ ಬಂದ ಹೆಸರು. ಇಲ್ಲಿಯೇ ಬಾಳುತ್ತ ಬಂದ ಟಿಂಬಿಶಾ ಶೋಶೋನಿ ಜನರಿಗೆ ಅದು ಒಪ್ಪಿಗೆಯಿಲ್ಲ. ಅವರು ಚಳಿಗಾಲವನ್ನು ಕಣಿವೆಯಲ್ಲಿಯೂ ಬೇಸಿಗೆಯನ್ನು ತಂಪಾದ ಬೆಟ್ಟಗಳಲ್ಲಿಯೂ ಕಳೆದು, ಮೆಸ್ಕೀಟ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡಿ ಉಣ್ಣುತ್ತಿದ್ದರು. ಟಿಂಬಿಶಾ ಎಂಬ ಮಾತು ಇಲ್ಲಿ ದೊರೆಯುವ ಕೆಂಪು ಕಾವಿಮಣ್ಣನ್ನು ಕುರಿತದ್ದು. 2000ದಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಫರ್ನೆಸ್ ಕ್ರೀಕ್‌ನಲ್ಲಿರುವ ಅವರ ಹಳ್ಳಿಯ ಸುತ್ತಲಿನ 314 ಎಕರೆ ನೆಲವನ್ನೂ ಬೇರೆಡೆಯ ಕೆಲವು ಭೂಮಿಗಳನ್ನೂ ಅವರಿಗೆ ಮರಳಿಸಿತು.