ಹದಿನಾರನೇ ನಂಬರಿನ ತಂಡ ಗೆದ್ದ ರಾತ್ರಿ

ಹೊನಲು ಬೆಳಕಿನ ಕಬಡ್ಡಿ ಟೂರ್ನಿ ನೋಡಿದವರಿಗೆ ನಾಕೌಟ್ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸೋತೆಯಾ, ಜೀಪು ಹತ್ತಿ ಊರಿಗೆ ಹೋಗು. ಲೀಗ್ ಇಲ್ಲ, ಪಾಯಿಂಟ್ ಪಟ್ಟಿ ಇಲ್ಲ, ಇನ್ನೊಂದು ಅವಕಾಶವೂ ಇಲ್ಲ. ಅಮೆರಿಕದ ಕಾಲೇಜುಗಳ ಬಾಸ್ಕೆಟ್‌ಬಾಲ್ ಟೂರ್ನಿಯೂ ಹಾಗೇ ನಡೆಯುತ್ತದೆ. ಅದಕ್ಕೇ ಅದು ನಮ್ಮನ್ನು ಹಿಡಿದುಕೊಂಡಿದ್ದು.

ನಾವು ಅಂದರೆ ಮೂವರು. ಒಂದೇ ವರ್ಷ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಈಗ ಮೂರು ಬೇರೆ ಬೇರೆ ತಾಲ್ಲೂಕುಗಳಿಂದ ಸುದ್ದಿ ಕಳಿಸುತ್ತೇವೆ. ಮಾರ್ಚ್ ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪು ರಾತ್ರಿಯಿಡೀ ಮಲಗುವುದಿಲ್ಲ. ಅಲ್ಲಿ ಮಧ್ಯಾಹ್ನ ಶುರುವಾದ ಆಟ ನಮಗೆ ರಾತ್ರಿ ಹತ್ತಕ್ಕೆ, ಅಲ್ಲಿನ ಸಂಜೆಯ ಆಟ ನಮ್ಮ ನಸುಕಿಗೆ. ಊರಲ್ಲಿ ವಿಡಿಯೊ ಓಡುವಷ್ಟು ನೆಟ್‌ವರ್ಕ್ ಇರುವುದು ಒಬ್ಬನಿಗೆ ಮಾತ್ರ. ಉಳಿದಿಬ್ಬರಿಗೆ ಅಂಕ ತೋರಿಸುವ ಪುಟ, ಅದರ ಜೊತೆ ಅವನು ಕಳಿಸುವ ವಾಯ್ಸ್ ಮೆಸೇಜು. ಸರಿಯಾಗಿ ನೋಡುವುದೆಲ್ಲ ಮರುದಿನ, ಯೂಟ್ಯೂಬ್‌ನಲ್ಲಿ.

ಇಲ್ಲಿ ಬರೆಯುತ್ತಿರುವುದು 2023ರ ಮಾರ್ಚ್ 17ರ ರಾತ್ರಿಯ ಬಗ್ಗೆ. ವಿಧಾನಸಭೆ ಚುನಾವಣೆ ಇನ್ನೂ ಘೋಷಣೆ ಆಗಿರಲಿಲ್ಲ, ಪಿಯುಸಿ ಪರೀಕ್ಷೆ ನಡೆಯುತ್ತಿತ್ತು, ಯುಗಾದಿಗೆ ಇನ್ನು ನಾಲ್ಕೈದು ದಿನ. ನಿದ್ದೆ ಕೆಡಲು ಬೇರೆ ಕಾರಣವೇ ಇರಲಿಲ್ಲ.

ಮೊದಲು ಲೆಕ್ಕ ಹೇಳಿಬಿಡುತ್ತೇವೆ. ಪುರುಷರ ಟೂರ್ನಿಗೆ 68 ತಂಡ. ಮೊದಲ ಎರಡು ದಿನ ನಾಲ್ಕು ಪಂದ್ಯ ಆಡಿಸಿ ಅದನ್ನು 64ಕ್ಕೆ ಇಳಿಸುತ್ತಾರೆ. ನಾಲ್ಕು ಗುಂಪು, ಪ್ರತಿ ಗುಂಪಿನಲ್ಲಿ 1ರಿಂದ 16ರವರೆಗೆ ನಂಬರು. ಒಂದನೇ ನಂಬರಿನವರು ಮೊದಲ ಪಂದ್ಯವನ್ನು ಹದಿನಾರನೆಯವರ ಮೇಲೆ ಆಡುತ್ತಾರೆ. ಅಂದರೆ ಇಡೀ ವರ್ಷ ಗೆದ್ದ ಬಲಿಷ್ಠರಿಗೆ ಮೊದಲ ದಿನ ಎಲ್ಲರಿಗಿಂತ ಬಡ ತಂಡ. ಈ ಪದ್ಧತಿ 1985ರಲ್ಲಿ ಬಂತು. ಆಮೇಲೆ 2018ರವರೆಗೆ ಒಂದನೇ ನಂಬರು ಹದಿನಾರನೆಯವರ ಮೇಲೆ 135 ಸಲ ಆಡಿ 135 ಸಲವೂ ಗೆದ್ದಿತ್ತು. 2018ರಲ್ಲಿ ಯುಎಂಬಿಸಿ ಎಂಬ ಮೇರಿಲ್ಯಾಂಡಿನ ಕಾಲೇಜು ವರ್ಜೀನಿಯಾವನ್ನು 74-54ರಿಂದ ಹೊಡೆದು ಆ ಸಾಲು ಮುರಿಯಿತು. ಗಂಡಸರ ಟೂರ್ನಿಯಲ್ಲಿ ಅದೇ ಮೊದಲು. ಹೆಂಗಸರ ಟೂರ್ನಿಯಲ್ಲಿ ಇದು ಇಪ್ಪತ್ತು ವರ್ಷ ಮುಂಚೆಯೇ ಆಗಿತ್ತು. 1998ರಲ್ಲಿ ಹದಿನಾರನೇ ನಂಬರಿನ ಹಾರ್ವರ್ಡ್, ಒಂದನೇ ನಂಬರಿನ ಸ್ಟ್ಯಾನ್‌ಫರ್ಡನ್ನು ಅವರದೇ ಅಂಗಣದಲ್ಲಿ 71-67ರಿಂದ ಸೋಲಿಸಿತ್ತು. ಈ ಮಾತು ಬಂದಾಗಲೆಲ್ಲ ಎಲ್ಲರೂ ಯುಎಂಬಿಸಿ ಹೆಸರು ಹೇಳುತ್ತಾರೆ, ಹಾರ್ವರ್ಡ್ ಹುಡುಗಿಯರ ಹೆಸರು ಹೇಳುವವರು ಕಡಿಮೆ. ಅಂದಹಾಗೆ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿಗೆ ನಮ್ಮ ರಾಜ್ಯದಿಂದ ಹೋದವರೂ ಒಬ್ಬ ಹುಡುಗಿಯೇ. ಬೆಂಗಳೂರಿನ ಸಂಜನಾ ರಮೇಶ್, ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು.

ಆ ರಾತ್ರಿ ಹತ್ತು ದಾಟಿದ ಮೇಲೆ ನಮಗೆ ಶುರುವಾದದ್ದು ಕೆನೆಸಾ ಸ್ಟೇಟ್ ಆಟದಿಂದ. ಅಟ್ಲಾಂಟಾ ಪಕ್ಕದ ಕಾಲೇಜು ಅದು. ಈ ಟೂರ್ನಿಗೆ ಬಂದದ್ದೇ ಅದೇ ಮೊದಲ ಸಲ. ಸುಮಾರು ನಾಲ್ಕು ವರ್ಷ ಹಿಂದೆ ಅಮೀರ್ ಅಬ್ದುರ್-ರಹೀಮ್ ಎಂಬ ಕೋಚ್ ಅಲ್ಲಿಗೆ ಬಂದಾಗ ಮೊದಲ ವರ್ಷದ ಫಲಿತಾಂಶ ಏನು ಗೊತ್ತೇ? ಒಂದು ಗೆಲುವು, ಇಪ್ಪತ್ತೆಂಟು ಸೋಲು. ನಮ್ಮ ಕಡೆ ಆಗಿದ್ದರೆ ಐದನೇ ಸೋಲಿಗೇ ಕಮಿಟಿ ಸಭೆ ಕರೆಯುತ್ತಿತ್ತು. ಅವರು ಉಳಿದರು. ನಾಲ್ಕನೇ ವರ್ಷ 26 ಪಂದ್ಯ ಗೆದ್ದು ಹದಿನಾಲ್ಕನೇ ನಂಬರಾಗಿ ಬಂದು ನಿಂತರು. ಎದುರಿಗೆ ಮೂರನೇ ನಂಬರಿನ ಝೇವಿಯರ್. ಹೆಸರು ಕೇಳಿದರೆ ನಮ್ಮ ಕಡೆಯ ಕಾನ್ವೆಂಟ್ ಶಾಲೆ ನೆನಪಾಗುತ್ತದೆ, ಇದು ಸಿನ್ಸಿನಾಟಿಯ ವಿಶ್ವವಿದ್ಯಾಲಯ.

ಎರಡನೇ ಅರ್ಧದಲ್ಲಿ ಕೆನೆಸಾ 13 ಅಂಕ ಮುಂದೆ ಹೋಯಿತು. ಗ್ರೂಪಿನಲ್ಲಿ ನಮ್ಮಲ್ಲೊಬ್ಬ ಆಗಲೇ ತಲೆಬರಹ ಬರೆದಾಗಿತ್ತು. ಆಮೇಲೆ ಚೆಂಡು ರಿಂಗಿಗೆ ಬೀಳುವುದನ್ನೇ ಮರೆತಂತಾಯಿತು. ಪುಟ ರಿಫ್ರೆಶ್ ಮಾಡಿದಷ್ಟು ಸಲವೂ ಕೆನೆಸಾ ಅಂಕ ಅಲ್ಲೇ, ಝೇವಿಯರ್ ಅಂಕ ಎರಡು ಮೂರು ಮೇಲೆ. ಕೊನೆಯ ಕ್ಷಣಗಳಲ್ಲಿ ಒಂದೇ ಅಂಕ ಹಿಂದೆ ಇರುವಾಗ ಟೆರೆಲ್ ಬರ್ಡನ್ ಒಳಗೆ ನುಗ್ಗಿ ಎಸೆದ. ಝೇವಿಯರ್‌ನ ಉದ್ದನೆಯ ಜ್ಯಾಕ್ ನಂಜ್ ಕೈ ಎತ್ತಿ ಚೆಂಡು ತಡೆದ. 72-67. ಮುಗಿಯಿತು. ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ, ಆ ರಾತ್ರಿ ಮುಂದೆ ನೋಡುವ ಉತ್ಸಾಹವೇ ಇಳಿದಿತ್ತು.

ನಡುರಾತ್ರಿ ಕಳೆದು ಎರಡು ಗಂಟೆ ಹೊತ್ತಿಗೆ ಅಯೋನಾ ಎಂಬ ಇನ್ನೊಂದು ಸಣ್ಣ ಕಾಲೇಜು. ಅರ್ಧ ಆಟಕ್ಕೆ ಯುಕಾನ್ ಮೇಲೆ 39-37ರಿಂದ ಮುಂದಿತ್ತು. ಆಟ ಮುಗಿದಾಗ 87-63, ಯುಕಾನ್‌ಗೆ. ಆ ವರ್ಷದ ಕಪ್ಪು ಕೊನೆಗೆ ಯುಕಾನ್‌ಗೇ ಹೋಯಿತು ಅನ್ನುವುದು ಬೇರೆ ಮಾತು. ಮೂವರಲ್ಲಿ ಒಬ್ಬ ಮಲಗಿಬಿಟ್ಟ.

ನಾಲ್ಕು ಇಪ್ಪತ್ತಕ್ಕೆ ಫೇರ್‌ಲೀ ಡಿಕಿನ್ಸನ್ ಮತ್ತು ಪರ್ಡ್ಯೂ. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ.

ಪರ್ಡ್ಯೂ ಇರುವುದು ಇಂಡಿಯಾನಾದಲ್ಲಿ. ಕೃಷಿ ಮತ್ತು ಎಂಜಿನಿಯರಿಂಗಿಗೆ ಹೆಸರಾದ ಸರ್ಕಾರಿ ವಿಶ್ವವಿದ್ಯಾಲಯ, ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಓದಿದ ಜಾಗ. ಆ ವರ್ಷ 29 ಗೆಲುವು, 5 ಸೋಲು. ನಡುವೆ ನಿಲ್ಲುವ ಆಟಗಾರ ಝ್ಯಾಕ್ ಈಡಿ, ಕೆನಡಾದವನು, ಎತ್ತರ ಏಳು ಅಡಿ ನಾಲ್ಕು ಇಂಚು. ರಿಂಗು ಇರುವುದೇ ಹತ್ತಡಿ ಮೇಲೆ. ಆ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅಂತ ಆಯ್ಕೆಯಾದವನೂ ಅವನೇ.

ಫೇರ್‌ಲೀ ಡಿಕಿನ್ಸನ್ ನ್ಯೂಜೆರ್ಸಿಯದು. ಹಿಂದಿನ ವರ್ಷ ನಾಲ್ಕು ಗೆದ್ದು ಇಪ್ಪತ್ತೆರಡು ಸೋತಿತ್ತು. ಹೊಸ ಕೋಚ್ ಟೋಬಿನ್ ಆಂಡರ್ಸನ್ ಕೆಳದರ್ಜೆಯ ಒಂದು ಸಣ್ಣ ಕಾಲೇಜಿನಿಂದ ಬಂದರು, ಬರುವಾಗ ಮೂರು ಆಟಗಾರರನ್ನೂ ಜೊತೆಗೆ ತಂದರು. ಅವರಲ್ಲಿ ಡಿಮೆಟ್ರಿ ರಾಬರ್ಟ್ಸ್ ಐದಡಿ ಎಂಟಿಂಚು, ಗ್ರಾಂಟ್ ಸಿಂಗಲ್ಟನ್ ಐದಡಿ ಒಂಬತ್ತು. ನಮ್ಮೂರ ಹಾಲಿನ ಡೇರಿ ಮುಂದೆ ಸಾಲು ನಿಂತರೆ ಇವರು ಎದ್ದು ಕಾಣುವುದಿಲ್ಲ. ಮೊದಲ ದರ್ಜೆಯ 363 ತಂಡಗಳಲ್ಲಿ ಸರಾಸರಿ ಎತ್ತರದಲ್ಲಿ ಎಲ್ಲಕ್ಕಿಂತ ಗಿಡ್ಡ ತಂಡ ಇದು. ಇನ್ನೂ ಒಂದು ವಿಷಯ: ಇವರು ತಮ್ಮ ಲೀಗ್‌ನ ಫೈನಲ್ ಕೂಡ ಗೆದ್ದಿರಲಿಲ್ಲ. ಮೆರಿಮ್ಯಾಕ್ ಎಂಬ ತಂಡದ ಮೇಲೆ 67-66ರಿಂದ ಸೋತಿದ್ದರು. ಮೆರಿಮ್ಯಾಕ್ ಕೆಳದರ್ಜೆಯಿಂದ ಮೇಲೆ ಬಂದು ನಿಗದಿತ ವರ್ಷಗಳು ತುಂಬಿರಲಿಲ್ಲ, ನಿಯಮದ ಪ್ರಕಾರ ಟೂರ್ನಿಗೆ ಹೋಗುವಂತಿರಲಿಲ್ಲ. ಹಾಗಾಗಿ ಸೀಟು ಸೋತವರಿಗೆ ಬಂತು. ಬುಧವಾರ ಟೆಕ್ಸಸ್ ಸದರ್ನ್ ತಂಡವನ್ನು 84-61ರಿಂದ ಸೋಲಿಸಿ 64ರೊಳಗೆ ಸೇರಿಕೊಂಡರು. ಶುಕ್ರವಾರ ಈಡಿ.

ಮರುದಿನದ ಪತ್ರಿಕೆಗಳು ಇದನ್ನು ಗಿಡ್ಡರು ದೈತ್ಯನನ್ನು ಕೆಡವಿದ ಪವಾಡ ಅಂತ ಬರೆದವು. ನಮಗೆ ಹಾಗೆ ಕಾಣಲಿಲ್ಲ. ಆಮೇಲೆ ಆ ಆಟವನ್ನು ನಾವು ಪೂರ್ತಿ ಎರಡು ಸಲ ನೋಡಿದ್ದೇವೆ, ಅದರಲ್ಲಿ ಪವಾಡ ಎಲ್ಲೂ ಇಲ್ಲ, ಬರೀ ದುಡಿಮೆ ಇದೆ. ಈಡಿಯ ಬೆನ್ನಿಗೆ ನಿಂತು ಅವನ ಜೊತೆ ಹಾರುವುದು ವ್ಯರ್ಥ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಒಬ್ಬ ಅವನ ಮುಂದೆ ನಿಂತ, ಚೆಂಡು ಅವನ ಕೈಗೆ ಬರುವ ದಾರಿಯನ್ನೇ ಮುಚ್ಚಿದ. ತಲೆಯ ಮೇಲಿಂದ ಎಸೆದರೆ ಹಿಂದಿನಿಂದ ಇನ್ನೊಬ್ಬ ಓಡಿ ಬರುತ್ತಿದ್ದ. ಇಬ್ಬರು ಅವನಿಗೇ ಅಂಟಿಕೊಂಡರೆ ಪರ್ಡ್ಯೂನ ಬೇರೆ ಯಾರಾದರೂ ಖಾಲಿ ಇರಲೇಬೇಕಲ್ಲ? ಇದ್ದರು. ದೂರದಿಂದ ಎಸೆಯಿರಿ ಅಂತ ಬಿಟ್ಟುಕೊಟ್ಟರು. ಪರ್ಡ್ಯೂ ಮೂರಂಕದ ಗೆರೆಯಾಚೆಯಿಂದ 26 ಸಲ ಎಸೆದು ಹಾಕಿದ್ದು 5. ಅದೂ ಅಲ್ಲದೆ ಪರ್ಡ್ಯೂ ಹುಡುಗರು ಚೆಂಡು ಹಿಡಿದು ಅಂಗಣ ದಾಟುವ ಮೊದಲೇ ಈ ಗಿಡ್ಡ ಕಾಲುಗಳು ಮೈಮೇಲೆ ಬರುತ್ತಿದ್ದವು. ನೆಲಕ್ಕೆ ಹತ್ತಿರ ಇರುವವನಿಗೆ ನೆಲದಲ್ಲಿ ಪುಟಿಯುವ ಚೆಂಡು ಕಸಿಯುವುದು ಸುಲಭ. ಪರ್ಡ್ಯೂ 16 ಸಲ ಚೆಂಡು ಕಳೆದುಕೊಂಡಿತು.

ಈಡಿ ಕೆಟ್ಟದಾಗಿ ಆಡಿದ ಅಂತಲೂ ಅಲ್ಲ. 21 ಅಂಕ, 15 ರಿಬೌಂಡ್. ಒಬ್ಬನಿಂದ ಆಗುವುದಷ್ಟನ್ನೂ ಮಾಡಿದ.

ಅರ್ಧ ಆಟಕ್ಕೆ 32-31, ಗಿಡ್ಡರು ಒಂದು ಮುಂದೆ. ಕೆನೆಸಾ ನೆನಪಾಗಿ ಗ್ರೂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮಲಗಿದವನನ್ನು ಫೋನ್ ಮಾಡಿ ಎಬ್ಬಿಸಿದೆವು. ಅವನ ತಾಯಿ ಎದ್ದು, "ಯಾರಿಗಪ್ಪಾ ಏನಾಯ್ತು, ಈ ಹೊತ್ನಲ್ಲಿ ಫೋನು?" ಅಂತ ಗಾಬರಿಯಾದರಂತೆ. ಯಾರಿಗೂ ಏನೂ ಆಗಿಲ್ಲ ಕಣಮ್ಮಾ, ಬಾಸ್ಕೆಟ್‌ಬಾಲು ಅಂದರೆ ಅವರು ನಂಬಿಲ್ಲ. ಜಿಲ್ಲಾ ವರದಿಗಾರನಿಗೆ ನಸುಕಿನಲ್ಲಿ ಬರುವ ಫೋನು ಒಳ್ಳೆಯ ಸುದ್ದಿ ತಂದ ದಾಖಲೆ ಅವರ ಮನೆಯಲ್ಲಿಲ್ಲ.

ಕೊನೆಗೆ ಒಂದು ನಿಮಿಷ ಮೂರು ಸೆಕೆಂಡು ಉಳಿದಿತ್ತು. ಎರಡಂಕದ ಮುನ್ನಡೆ. ಶಾನ್ ಮೂರ್ ದೂರದಿಂದ ಎಸೆದ, ಬಿತ್ತು. 61-56. ಈ ಮೂರ್ ಅದೇ ಕೊಲಂಬಸ್ ಕಡೆಯ ಹುಡುಗ, ಕೋಚ್ ಹಿಂದೆ ಸಣ್ಣ ಕಾಲೇಜಿನಿಂದ ಬಂದ ಮೂವರಲ್ಲಿ ಒಬ್ಬ. ತನ್ನೂರಿನಲ್ಲಿ 19 ಅಂಕ. 63-58ಕ್ಕೆ ಆಟ ಮುಗಿದಾಗ ನಮ್ಮಲ್ಲಿ ಬೆಳಕು ಹರಿದಿತ್ತು. ಮೂವರೂ ಒಂದೇ ಕಾಲ್‌ನಲ್ಲಿ ಕಿರುಚಿದ್ದು, ಯಾರು ಏನು ಹೇಳಿದರು ಅಂತ ಯಾರಿಗೂ ನೆನಪಿಲ್ಲ.

ಅಮೆರಿಕದಲ್ಲಿ ಕೋಟಿಗಟ್ಟಲೆ ಜನ ಎಲ್ಲ ಪಂದ್ಯಗಳ ಫಲಿತಾಂಶವನ್ನು ಮೊದಲೇ ಊಹಿಸಿ ಪಟ್ಟಿ ತುಂಬುತ್ತಾರೆ. ಆ ಒಂದು ಆಟದ ನಂತರ ದೊಡ್ಡ ಆನ್‌ಲೈನ್ ಸ್ಪರ್ಧೆಗಳಲ್ಲಿ ಪೂರ್ತಿ ಸರಿಯಾದ ಪಟ್ಟಿ ಒಂದೂ ಉಳಿಯಲಿಲ್ಲ. ನಮ್ಮದು ಹಿಂದಿನ ದಿನವೇ, ಪ್ರಿನ್ಸ್‌ಟನ್ ಅರಿಝೋನಾವನ್ನು ಹೊಡೆದಾಗಲೇ ಹರಿದಿತ್ತು. ಹಣ ಕಟ್ಟುವುದಿಲ್ಲ ಅನ್ನುವುದು ನಮ್ಮ ಮೂವರ ನಿಯಮ. ಐಪಿಎಲ್ ಬೆಟ್ಟಿಂಗಿನಲ್ಲಿ ಬೈಕು, ಒಡವೆ ಕಳೆದುಕೊಂಡವರ ಸುದ್ದಿ ಬರೆದ ಕೈಗಳಿವು.

ಅದೇ ಅಂಗಣದಲ್ಲಿ ಮುಂದಿನ ಆಟ ಫ್ಲಾರಿಡಾ ಅಟ್ಲಾಂಟಿಕ್ ಮತ್ತು ಮೆಂಫಿಸ್. ನಾವು ಕೆಲಸಕ್ಕೆ ಹೊರಡುವ ಹೊತ್ತಿಗೆ, ಎರಡೂವರೆ ಸೆಕೆಂಡು ಉಳಿದಾಗ ನಿಕ್ ಬಾಯ್ಡ್ ಹಾಕಿದ ಚೆಂಡಿನಿಂದ ಫ್ಲಾರಿಡಾ ಅಟ್ಲಾಂಟಿಕ್ 66-65ರಿಂದ ಗೆದ್ದಿತು. ಭಾನುವಾರ ಅವರೇ ಫೇರ್‌ಲೀ ಡಿಕಿನ್ಸನ್‌ನನ್ನು 78-70ರಿಂದ ಮನೆಗೆ ಕಳಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಸಂತೋಷದ ಕಥೆ. ಮುಂದಿನದನ್ನೂ ಹೇಳಬೇಕು.

ಆ ರಾತ್ರಿ ಸೋತ ಅಯೋನಾದ ಕೋಚ್ ರಿಕ್ ಪಿಟಿನೊ ಅದಕ್ಕಿಂತ ದೊಡ್ಡ ಸೇಂಟ್ ಜಾನ್ಸ್‌ಗೆ ಹೋದರು. ಖಾಲಿಯಾದ ಅಯೋನಾದ ಕುರ್ಚಿಗೆ ಆಂಡರ್ಸನ್ ಹೋದರು. ಪರ್ಡ್ಯೂವನ್ನು ಸೋಲಿಸಿ ಒಂದು ವಾರವೂ ಆಗಿರಲಿಲ್ಲ. ಕೆನೆಸಾದ ಅಬ್ದುರ್-ರಹೀಮ್ ಕೆಲವೇ ದಿನಗಳಲ್ಲಿ ಸೌತ್ ಫ್ಲಾರಿಡಾಗೆ ಹೋದರು, ಅವರ ಹಿಂದೆ ಕೆಲವು ಆಟಗಾರರೂ ಹೋದರು. ಸಣ್ಣ ಕಾಲೇಜು ಒಂದು ರಾತ್ರಿ ಮಿಂಚಿದರೆ, ಮರುದಿನ ದೊಡ್ಡವರ ಫೋನು ಬರುತ್ತದೆ. ಯಾರನ್ನೂ ದೂರುವುದಕ್ಕಾಗುವುದಿಲ್ಲ, ಹೆಚ್ಚು ಸಂಬಳ ಕೊಟ್ಟರೆ ಯಾರು ಬೇಡ ಅಂತಾರೆ? ನಮ್ಮ ಬ್ಯಾಚಿನಲ್ಲಿ ಚೆನ್ನಾಗಿ ಬರೆಯುತ್ತಿದ್ದವರೂ ಒಂದೆರಡು ವರ್ಷದಲ್ಲೇ ಬೆಂಗಳೂರು ಸೇರಿದರು. ಆದರೆ ನ್ಯೂಜೆರ್ಸಿಯ ಆ ಕಾಲೇಜಿನ ವಿದ್ಯಾರ್ಥಿಗಳು ಸಂಭ್ರಮ ಮುಗಿಸಿ ತರಗತಿಗೆ ಬರುವಷ್ಟರಲ್ಲಿ ಕೋಚ್ ಇಲ್ಲ ಅನ್ನುವುದು ನಮಗೆ ಇಂದಿಗೂ ಚುಚ್ಚುತ್ತದೆ. ಎರಡು ವರ್ಷದ ನಂತರ ಅಯೋನಾ ಆಂಡರ್ಸನ್‌ರನ್ನು ಕೈಬಿಟ್ಟಿತು.

ಪರ್ಡ್ಯೂ ಬಗ್ಗೆ ನಮಗೆ ಗೌರವ ಹುಟ್ಟಿದ್ದು ಸೋಲಿನ ಆಮೇಲೆ. ಈಡಿ ಆಗಲೇ ವೃತ್ತಿಪರ ಆಟಕ್ಕೆ ಹೋಗಬಹುದಿತ್ತು, ಹೋಗದೆ ಕಾಲೇಜಿಗೇ ಮರಳಿದ. 2024ರಲ್ಲಿ ಪರ್ಡ್ಯೂ ಮತ್ತೆ ಒಂದನೇ ನಂಬರು. ಈ ಸಲ ಹದಿನಾರನೆಯವರಾದ ಗ್ರ್ಯಾಂಬ್ಲಿಂಗ್ ಸ್ಟೇಟ್ ಮೇಲೆ 78-50. ಹಾಗೇ ಗೆಲ್ಲುತ್ತಾ ಫೈನಲ್‌ವರೆಗೆ ಹೋದರು. ಅಲ್ಲಿ ಈಡಿ ಒಬ್ಬನೇ 37 ಅಂಕ ಹಾಕಿದರೂ ಯುಕಾನ್ 75-60ರಿಂದ ಗೆದ್ದಿತು. ಫೇರ್‌ಲೀ ಡಿಕಿನ್ಸನ್‌ಗೆ ಕುಣಿದಿದ್ದ ನಾವು ಮೂವರೂ ಆ ಬೆಳಿಗ್ಗೆ ಪರ್ಡ್ಯೂ ಪರವಾಗಿದ್ದೆವು.

ಅಬ್ದುರ್-ರಹೀಮ್ ಸೌತ್ ಫ್ಲಾರಿಡಾದಲ್ಲೂ ಅದೇ ಕೆಲಸ ಮಾಡಿದರು. ಮೊದಲ ವರ್ಷವೇ ಆ ಕಾಲೇಜಿಗೆ ಅದರ ಇತಿಹಾಸದಲ್ಲೇ ಮೊದಲ ಸಲ ಲೀಗ್ ಪಟ್ಟಿಯಲ್ಲಿ ಅಗ್ರಸ್ಥಾನ ತಂದುಕೊಟ್ಟರು. 2024ರ ಅಕ್ಟೋಬರ್ 24ರಂದು ಆಸ್ಪತ್ರೆಯಲ್ಲಿ ಚಿಕಿತ್ಸೆಯೊಂದರ ವೇಳೆ ತೊಡಕಾಗಿ ತೀರಿಕೊಂಡರು. ವಯಸ್ಸು 43.

ಗ್ರೂಪಿಗೆ ಒಬ್ಬ ಆ ಸುದ್ದಿಯ ಲಿಂಕ್ ಹಾಕಿದ. ಯಾರೂ ಏನೂ ಬರೆಯಲಿಲ್ಲ. ಸಂಜೆ ಇನ್ನೊಬ್ಬ ಕೆನೆಸಾ-ಝೇವಿಯರ್ ಆಟದ ಒಂದು ತುಣುಕು ಕಳಿಸಿದ, 13 ಅಂಕ ಮುಂದಿದ್ದ ಹೊತ್ತಿನದು.