ಕರಡಿಗೆಯ ಬೆಲೆ

ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಈಚೆಗೆ ಹೋಗಿದ್ದಾಗ, ಹಗರಿಬೊಮ್ಮನಹಳ್ಳಿಯ ಕಡೆಯ ತಾಯಿಯೊಬ್ಬರು ಸೆರಗಿನ ಮರೆಯಿಂದ ಬೆಳ್ಳಿಯ ಕರಡಿಗೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. "ಸ್ವಾಮೇರ, ಇದು ನಮ್ಮ ಅತ್ತೆಯವರ ಅತ್ತೆಯದು. ಹಳೆಯ ಸಾಮಾನು ಕೊಳ್ಳುವವನು ಬೆಳ್ಳಿ ದರದ ಎರಡರಷ್ಟು ಕೊಡ್ತೀನಿ ಅಂತಾನೆ. ಕೊಡಬಹುದೇನ್ರಿ?" ಎಂದು ಕೇಳಿದರು. ಮಗಳ ಕಾಲೇಜಿನ ಶುಲ್ಕ ಕಟ್ಟುವುದಿತ್ತು.

ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಕಾರಣ ಹಳೆಯದು.

1972ರ ಬರಗಾಲದಲ್ಲಿ ನಾನು ಹುಡುಗ. ಕೂಡ್ಲಿಗಿ ಸೀಮೆಯ ಹೊಲಗಳಲ್ಲಿ ಜೋಳದ ದಂಟೂ ಏಳಲಿಲ್ಲ. ಒಂದು ಬೆಳಿಗ್ಗೆ ನನ್ನ ಅಜ್ಜಿಯವರು ಪೂಜೆ ಮುಗಿಸಿ, ಇಷ್ಟಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಬರಿದಾದ ಕರಡಿಗೆಯನ್ನು ತಂದೆಯವರ ಕೈಗಿತ್ತರು. ಅದರ ತೂಕ 24 ತೊಲೆ. ಆಗ ಕಿಲೋ ಬೆಳ್ಳಿಗೆ ಐನೂರು-ಆರುನೂರು ರೂಪಾಯಿಯ ಆಸುಪಾಸು. ಬೆಸುಗೆಯ ಕಳೆ ಎಂದು ಒಂದಿಷ್ಟನ್ನು ಮುರಿದುಕೊಂಡು ವ್ಯಾಪಾರಿಯು ನೂರಿಪ್ಪತ್ತು ರೂಪಾಯಿ ಎಣಿಸಿದನು. ನಮ್ಮ ಕಣ್ಣೆದುರಿಗೇ ಅದನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಪೆಟ್ಟಿಗೆಗೆ ಹಾಕಿದನು. ಆ ಹಣದಿಂದ ಜೋಳ ಬಂದಿತು. ಆದರೂ ಸುತ್ತಿಗೆಯ ಆ ಸದ್ದಿಗಾಗಿ ಬಹುಕಾಲ ತಂದೆಯವರ ಮೇಲೆ ಮುನಿಸಿಕೊಂಡಿದ್ದೆನು.

ಹಿಂದೆ ನಮ್ಮ ಪತ್ತಾರರು ಬೆಳ್ಳಿಯ ರೂಪಾಯಿಗಳನ್ನೇ ಕರಗಿಸಿ ಕರಡಿಗೆ ಮಾಡುತ್ತಿದ್ದುದುಂಟು. ಒಂದು ರೂಪಾಯಿ ಒಂದು ತೊಲೆ ತೂಗುತ್ತಿತ್ತು. ಎಷ್ಟು ರೂಪಾಯಿಯ ಕರಡಿಗೆ ಎಂದರೆ ತೂಕವನ್ನೂ ಹೇಳಿದಂತಾಗುತ್ತಿತ್ತು. 1940ರಲ್ಲಿ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು, 1947ರಲ್ಲಿ ನಿಕ್ಕಲ್ ಬಂದಿತು. ಅಲ್ಲಿಂದ ಬೆಲೆಯೂ ತೂಕವೂ ಬೇರೆಯಾದವು. 1980ರಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ಕೂಡಿಟ್ಟು ಜಗತ್ತಿನ ದರವನ್ನೇ ಏರಿಸಿದರು. ಕೆಲವೇ ವಾರಗಳಲ್ಲಿ ಅದು ಕುಸಿಯಿತು. 1990ರ ದಶಕದಲ್ಲಿ ನಮ್ಮಲ್ಲಿ ಕಿಲೋಗೆ ಏಳೆಂಟು ಸಾವಿರ. 2024ರಲ್ಲಿ ಲಕ್ಷ ಮುಟ್ಟಿತು, 2025ರಲ್ಲಿ ಒಂದೂವರೆ ಲಕ್ಷವನ್ನೂ ದಾಟಿತು. ಆ ದರದಲ್ಲಿ ಅಜ್ಜಿಯ ಕರಡಿಗೆಯ ಬೆಳ್ಳಿಯೊಂದಕ್ಕೇ 42 ಸಾವಿರ!

ಇದು ಲೋಹದ ಮಾತು. ಹಳಮೆಗೆ ಬೇರೆಯೇ ಬೆಲೆ. ಲಿಂಗೈಕ್ಯರ ಅಂಗೈಯಲ್ಲಿ ಲಿಂಗವನ್ನಿರಿಸಿ ಸಮಾಧಿ ಮಾಡುವುದು ನಮ್ಮ ಸಂಪ್ರದಾಯ. ಬೆಳ್ಳಿಯ ಕರಡಿಗೆ ಸಾಮಾನ್ಯವಾಗಿ ಮನೆಯಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದುಬಂದ ಗುಂಡಗಡಿಗೆ, ಚೌಕಗಳನ್ನು ಇಂದು ದೇಶವಿದೇಶದ ಸಂಗ್ರಾಹಕರು ಆಭರಣವೆಂದು ಕೊಳ್ಳುತ್ತಾರೆ. ಅವರಿಗೆ ಸವೆದ ಅಂಚು, ಕೈಕೆಲಸದ ಗುರುತು ಬೇಕು, ಒಳಗಿದ್ದುದು ಬೇಡ. ಬೇಡಿಕೆಯನ್ನರಿತ ಕೆಲವರು ಹೊಸದಕ್ಕೇ ಕಪ್ಪು ಹಿಡಿಸಿ ಹಳೆಯದೆಂದು ಮಾರುವುದೂ ಉಂಟು. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ನಿಷೇಧಿಸುತ್ತದೆ. ಅದೇ ವರ್ಷ ನಮ್ಮದು ಸುತ್ತಿಗೆಯ ಕೆಳಗೆ ಹೋಗಿತ್ತು.

ಇಷ್ಟೆಲ್ಲವನ್ನೂ ಆ ತಾಯಿಗೆ ಹೇಳಿದೆನು. ಕೊಳ್ಳಲು ಬಂದವನಿಗೆ ಪರವಾನಗಿ ಇದೆಯೇ ಕೇಳಿರಿ, ಒಬ್ಬನ ಮಾತನ್ನೇ ನಂಬದಿರಿ ಎಂದೆನು. ಮಾರಬೇಡಿರೆಂದು ಮಾತ್ರ ಹೇಳಲು ನಾಲಿಗೆ ಏಳಲಿಲ್ಲ. ಅಜ್ಜಿ ಬಿಚ್ಚಿಕೊಟ್ಟುದರ ಜೋಳವನ್ನು ಉಂಡವನು ನಾನು.

ತಿಂಗಳೊಪ್ಪತ್ತಿನಲ್ಲಿ ಅವರ ಫೋನು ಬಂದಿತು. ಮನೆಯಲ್ಲಿ ಮತ್ತೊಂದು ಕರಡಿಗೆ ಇತ್ತಂತೆ, ತಮ್ಮ ಮದುವೆಯಲ್ಲಿ, ಕಿಲೋ ಏಳೆಂಟು ಸಾವಿರದ ಕಾಲದಲ್ಲಿ ಕೊಂಡ ಯಂತ್ರದ ಕೆಲಸದ್ದು. ಅದನ್ನು ತೂಕಕ್ಕೆ ಮಾರಿದರಂತೆ. ಮೊದಲ ಕಂತಿನ ಶುಲ್ಕಕ್ಕೆ ಸಾಕಾಯಿತು. ಹಳೆಯದರ ಕೊಂಡಿ ಸವೆದಿತ್ತು. ಪತ್ತಾರರಲ್ಲಿ ಬೆಸುಗೆ ಹಾಕಿಸಿ, ತಮ್ಮ ಲಿಂಗವನ್ನು ಅದರೊಳಗಿಟ್ಟುಕೊಂಡರಂತೆ.